ಹೆಸರು ಮತ್ತು ಹುರುಳು

ಶಾಲೆಯನ್ನು ಬಿಟ್ಟು ಹೊರಡುವ ವಿದ್ಯಾರ್ಥಿಯ ಕೈಯಲ್ಲಿ ಅಂಕಪಟ್ಟಿಯಿರುತ್ತದೆ. ಹೆಸರು ಇನ್ನೂ ಇರುವುದಿಲ್ಲ. ಅದನ್ನು ಅವನೇ ಗಳಿಸಿಕೊಳ್ಳಬೇಕು. ಇಂದಿನ ಉದ್ಯೋಗಾರ್ಥಿಯು ಅರ್ಜಿಯಲ್ಲಿಯೂ, ಸಂದರ್ಶನದಲ್ಲಿಯೂ, ಅಂತರ್ಜಾಲದಲ್ಲಿಯೂ ತನ್ನನ್ನು ತಾನೇ ಪರಿಚಯಿಸಿಕೊಳ್ಳಬೇಕಾಗಿದೆ. ಇದು ತಪ್ಪಲ್ಲ. ಆದರೆ ಹೇಳಿಕೊಂಡ ಹೆಸರು ಒಳಗಿನ ಹುರುಳನ್ನು ಮೀರಿದರೆ ಆಗುವುದೇನು ಎಂಬುದು ವಿಚಾರಣೀಯ.

ಹೆಸರು ಬರುವ ಬಗೆಗೆ ನಿದರ್ಶನವು ನೆರೆಯ ಭದ್ರಾವತಿಯಲ್ಲಿಯೇ ಇದೆ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ರೂಪುಗೊಂಡ ಮೈಸೂರು ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಮಹಾಯುದ್ಧಾನಂತರ ಕಬ್ಬಿಣದ ಬೆಲೆ ಕುಸಿದಿದ್ದ ಕಾಲವದು. ನಷ್ಟವೂ ಟೀಕೆಯೂ ಒಟ್ಟಿಗೆ ಬಂದವು. ದಿವಾನಗಿರಿಯನ್ನು ಆಗಲೇ ಬಿಟ್ಟಿದ್ದ ಅವರು ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿಕೊಂಡು 1929ರವರೆಗೆ ದುಡಿದರು. ಕಾರ್ಖಾನೆಗೆ ಅವರ ಹೆಸರು ಬಂದುದು 1962ರಲ್ಲಿ ಅವರು ನಿಧನರಾದ ಅನೇಕ ವರ್ಷಗಳ ಮೇಲೆ. ಕೆಲಸ ಮುಂದೆ ನಡೆಯಿತು. ಹೆಸರು ಅದನ್ನು ಹಿಂಬಾಲಿಸಿತು.

ಆ ಕುಲುಮೆಯಲ್ಲಿ ಮೊದಲು ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದ ಅದಿರನ್ನು ಕರಗಿಸುತ್ತಿದ್ದರು. ಇದ್ದಿಲಿನಲ್ಲಿ ಗಂಧಕದ ಅಂಶ ಅತ್ಯಲ್ಪವಾದುದರಿಂದ ಕಬ್ಬಿಣಕ್ಕೂ ಆ ದೋಷ ತಟ್ಟುತ್ತಿರಲಿಲ್ಲ. ಲೋಹದ ಗುಣವನ್ನು ಮೇಲಿನ ಮುದ್ರೆಯಿಂದ ನಿರ್ಣಯಿಸಲಾಗದು. ತುಂಡೊಂದನ್ನು ಪರೀಕ್ಷಿಸಿದಾಗ ನಿಜ ತಿಳಿಯುತ್ತದೆ. ಮನುಷ್ಯನ ಮಾತೂ ಹಾಗೆಯೇ.

ಈ ಪಾಠವನ್ನು ನಾನೇ ಒಮ್ಮೆ ಮರೆತೆನು. ಶಿವಮೊಗ್ಗದ ನನ್ನ ಪ್ರಿಯ ಶಿಷ್ಯನೊಬ್ಬನು ಬೆಂಗಳೂರಿನಲ್ಲಿ ಕೆಲಸಕ್ಕೆ ಅರ್ಜಿ ಹಾಕಿದಾಗ, ಅವನು ಇಂಗ್ಲಿಷಿನಲ್ಲಿ ನಿಷ್ಣಾತನೆಂದೂ ಯಂತ್ರಗಳ ನಕ್ಷೆ ಬರೆಯುವುದರಲ್ಲಿ ಪ್ರವೀಣನೆಂದೂ ಪ್ರಶಂಸಾಪತ್ರ ಬರೆದುಕೊಟ್ಟೆನು. ಪ್ರೀತಿಯಿಂದ ಬರೆದುದು ನಿಜ, ಬರೆದುದು ನಿಜವಾಗಿರಲಿಲ್ಲ. ಕೆಲಸ ಸಿಕ್ಕಿತು. ಮೂರೇ ತಿಂಗಳಲ್ಲಿ ಅವನು ಹಿಂದಿರುಗಿದನು.

“ಮೇಷ್ಟ್ರೇ, ನೀವು ಬರೆದ ಹುಡುಗ ನಾನಾಗಿರಲಿಲ್ಲ. ಗೊತ್ತಿಲ್ಲ, ಹೇಳಿಕೊಡಿ ಅಂತ ಒಬ್ಬರನ್ನೂ ಕೇಳುವ ಹಾಗಿರಲಿಲ್ಲ” ಎಂದನು.

ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಸುಳ್ಳು ಹೆಸರಿನ ದೊಡ್ಡ ಹಾನಿ ಸಿಕ್ಕಿಬೀಳುವುದಲ್ಲ; ಕಲಿಯುವ ಬಾಗಿಲನ್ನು ಅದು ಮುಚ್ಚಿಬಿಡುತ್ತದೆ. ಮುಂದಿನ ಅರ್ಜಿಯನ್ನು ಅವನೇ ಬರೆದನು: ತಂದೆಯ ಅಂಗಡಿಯಲ್ಲಿ ಪಂಪ್‌ಸೆಟ್ ದುರಸ್ತಿ ಮಾಡಿದ್ದೇನೆ, ಕನ್ನಡ ಮಾಧ್ಯಮದಲ್ಲಿ ಓದಿದವನು, ಇಂಗ್ಲಿಷ್ ಇನ್ನೂ ಕಲಿಯುತ್ತಿದ್ದೇನೆ. ಸಿಕ್ಕಿದ್ದು ಸಣ್ಣ ಹುದ್ದೆ. ಅಲ್ಲಿ ಅವನು ನಿಂತನು, ಬೆಳೆದನು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ ಮೊದಲಾದವರ ಹೆಸರಿನಲ್ಲಿಯೇ ಅವರ ಕಾಯಕವಿದೆ. ಚೌಡಯ್ಯನವರ ವಚನಗಳ ಅಂಕಿತವೂ ಅದೇ ಹೆಸರು. ಮಾಡುವ ಕೆಲಸವನ್ನು ಅವರು ಮರೆಮಾಚಲಿಲ್ಲ, ಮಾಡದುದನ್ನು ಹೊತ್ತುಕೊಳ್ಳಲಿಲ್ಲ.

ಆದುದರಿಂದ ಅಧ್ಯಾಪಕರು ತಾವು ಕಂಡುದನ್ನಷ್ಟೇ ಪ್ರಶಂಸಾಪತ್ರದಲ್ಲಿ ಬರೆಯಲಿ. ಹಿರಿಯ ವಿದ್ಯಾರ್ಥಿಗಳು ತಮ್ಮ ಗೆಲುವಿನೊಡನೆ ಆರಂಭದ ಎಡವುಗಳನ್ನೂ ಕಿರಿಯರಿಗೆ ತಿಳಿಸಲಿ. ಉದ್ಯಮಗಳುಳ್ಳ ದಾನಿಗಳು ರಜೆಯಲ್ಲಿ ಮಕ್ಕಳಿಗೆ ಕೈಕೆಲಸದ ಅವಕಾಶ ಕೊಡಲಿ; ಹೇಳಿಕೊಳ್ಳಲು ಅವರಿಗೆ ನಿಜವಾದುದೊಂದು ಇರುತ್ತದೆ. ಹುರುಳಿದ್ದಲ್ಲಿಗೆ ಹೆಸರು ತಡವಾಗಿಯಾದರೂ ಬರುತ್ತದೆ, ಬಂದದ್ದು ಉಳಿಯುತ್ತದೆ.