ದನದ ನೋವಿನ ಚುಚ್ಚುಮದ್ದು ಮತ್ತು ರಣಹದ್ದು

ಕಳೆದ ತಿಂಗಳು ಆಡಳಿತ ಮಂಡಳಿಯ ಸಭೆ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿರುವಾಗ ಹಿರಿಯ ಸದಸ್ಯರೊಬ್ಬರು ಒಂದು ಪ್ರಶ್ನೆ ಹಾಕಿದರು. "ಅಲ್ಲ ಮಾರಾಯ್ರೆ, ನಾವು ಸಣ್ಣವರಿದ್ದಾಗ ಸತ್ತ ದನ ಎಳೆದು ಹಾಕಿದ್ರೆ ಗಳಿಗೆಯೊಳಗೆ ಹದ್ದು ಇಳೀತಿದ್ವಲ್ಲ, ಅವೆಲ್ಲ ಎಲ್ಲಿ ಹೋದ್ವು?" ಒಬ್ಬರು ಮೊಬೈಲ್ ಟವರ್ ಎಂದರು, ಇನ್ನೊಬ್ಬರು ನಾವು ಹೊಡೆಯುವ ಕೀಟನಾಶಕವೇ ಕಾರಣವೆಂದರು. ಎರಡೂ ಅಲ್ಲ. ಸರಿಯಾದ ಉತ್ತರಕ್ಕೂ ನಮ್ಮ ದನದ ಕೊಟ್ಟಿಗೆಗೂ ನೇರವಾದ ಸಂಬಂಧವಿರುವುದರಿಂದ ಈ ಸಂಚಿಕೆಯ ಪಾಠಕ್ಕೆ ಇದೇ ವಿಷಯವನ್ನು ಆರಿಸಿಕೊಂಡಿದ್ದೇವೆ.

ರಾಜಸ್ಥಾನದ ಭರತಪುರದಲ್ಲಿ ಕೇವಲಾದೇವ್ ಎಂಬ ಪಕ್ಷಿಧಾಮವಿದೆ. 1980ರ ದಶಕದಲ್ಲಿ ಅಲ್ಲಿ ಬಿಳಿ ಬೆನ್ನಿನ ರಣಹದ್ದಿನ ಗೂಡುಗಳು ಸುಮಾರು 350 ಇದ್ದವು. 1990ರ ದಶಕದ ನಡುಭಾಗದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿ ಡಾ. ವಿಭು ಪ್ರಕಾಶ್ ಮತ್ತೆ ಎಣಿಸಿದಾಗ ಅರ್ಧವೂ ಉಳಿದಿರಲಿಲ್ಲ. ಮರದ ಮೇಲೆ ಕುಳಿತ ಹದ್ದು ಕತ್ತು ಜೋಲು ಹಾಕಿಕೊಂಡು ದಿನಗಟ್ಟಲೆ ಕುಳಿತಿದ್ದು, ಕಡೆಗೆ ಕೆಳಗೆ ಬಿದ್ದು ಸಾಯುತ್ತಿತ್ತು. ಆಹಾರಕ್ಕೆ ಕೊರತೆ ಇರಲಿಲ್ಲ, ಸುತ್ತ ಸತ್ತ ದನಗಳು ಹಾಗೆಯೇ ಬಿದ್ದಿದ್ದವು. ಬಳಿಕ ದೇಶದ ಹಲವು ಕಡೆ ಮೊದಲು ಎಣಿಸಿದ್ದ ದಾರಿಗಳಲ್ಲಿಯೇ ಮತ್ತೆ ವಾಹನದಲ್ಲಿ ಹೋಗಿ ಎಣಿಸಲಾಯಿತು. 1992ರ ಸುಮಾರಿಗೆ ಬಿಳಿ ಬೆನ್ನಿನ ಹದ್ದು ಸಾವಿರ ಕಂಡ ಕಡೆ 2007ರಲ್ಲಿ ಕಂಡದ್ದು ಒಂದು. ಉದ್ದ ಕೊಕ್ಕಿನ ಹದ್ದು ನೂರಕ್ಕೆ ಮೂರರಷ್ಟು ಉಳಿದಿತ್ತು.

ಕಾರಣ ಹುಡುಕುವುದು ಸುಲಭವಾಗಲಿಲ್ಲ. ನಮ್ಮ ಅಡಿಕೆ ತೋಟದಲ್ಲಿ ಗರಿ ಹಳದಿಯಾದರೆ ಒಬ್ಬರು ಪೊಟ್ಯಾಷ್ ಕಡಿಮೆ ಎನ್ನುತ್ತಾರೆ, ಒಬ್ಬರು ಬಸಿಗಾಲುವೆ ಸರಿಯಿಲ್ಲ ಎನ್ನುತ್ತಾರೆ, ಮತ್ತೊಬ್ಬರು ರೋಗ ಎನ್ನುತ್ತಾರೆ. ಹಾಗೆಯೇ ಇಲ್ಲಿಯೂ ಹಲವು ಊಹೆಗಳಿದ್ದವು. ಬಹು ಮಂದಿಗೆ ಯಾವುದೋ ಹೊಸ ವೈರಸ್ ಇರಬೇಕೆಂಬ ಅನುಮಾನ. ಆದರೆ ಸತ್ತ ಹದ್ದುಗಳನ್ನು ಕೊಯ್ದು ನೋಡಿದಾಗ ಮೂತ್ರಪಿಂಡ, ಯಕೃತ್ತು, ಹೃದಯಗಳ ಮೇಲೆ ಸುಣ್ಣ ಬಳಿದಂತೆ ಬಿಳಿಯ ಪದರ ಇರುತ್ತಿತ್ತು. ಅದು ಯೂರಿಕ್ ಆಮ್ಲ. ಹಕ್ಕಿಗಳ ಮೂತ್ರಪಿಂಡ ಈ ಆಮ್ಲವನ್ನು ಹೊರಹಾಕಬೇಕು. ಮೂತ್ರಪಿಂಡ ಕೆಟ್ಟರೆ ಅದು ಒಳಗೇ ಹರಳುಗಟ್ಟುತ್ತದೆ.

ಪಾಕಿಸ್ತಾನದ ಪಂಜಾಬಿನಲ್ಲಿ ಅಮೆರಿಕದ ಪಶುವೈದ್ಯ ವಿಜ್ಞಾನಿ ಲಿಂಡ್ಸೆ ಓಕ್ಸ್ ಮತ್ತು ಅವರ ತಂಡದವರು ಈ ಕೆಲಸ ಕೈಗೊಂಡರು. ಅವರು ಪರೀಕ್ಷಿಸಿದ 259 ಸತ್ತ ಹದ್ದುಗಳಲ್ಲಿ 219ರಲ್ಲಿ ಈ ಬಿಳಿ ಪದರವಿತ್ತು. ವೈರಸ್ ಹುಡುಕಿದರು, ಸಿಗಲಿಲ್ಲ. ಸೀಸ, ಕೀಟನಾಶಕ ಹುಡುಕಿದರು, ಅವೂ ಕಾರಣವಾಗಿ ಕಾಣಲಿಲ್ಲ. ಆಗ ಅವರು ಮಾಡಿದ ಕೆಲಸ ನಮಗೆ ಬಹಳ ಮೆಚ್ಚುಗೆಯಾಯಿತು. ಹದ್ದಿನ ಆಹಾರ ಸತ್ತ ದನ. ಹಾಗಾದರೆ ದನಕ್ಕೆ ಏನು ಕೊಡುತ್ತಿದ್ದಾರೆ? ಪಶುವೈದ್ಯರನ್ನೂ ಔಷಧಿ ಅಂಗಡಿಯವರನ್ನೂ ವಿಚಾರಿಸಿ, ಇತ್ತೀಚೆಗೆ ಬಳಕೆಗೆ ಬಂದ, ಮೂತ್ರಪಿಂಡಕ್ಕೆ ತೊಂದರೆ ಮಾಡಬಲ್ಲ ಔಷಧಿ ಯಾವುದೆಂದು ಕೇಳಿದರು. ಸಿಕ್ಕಿದ ಹೆಸರು ಡೈಕ್ಲೋಫೆನಾಕ್. ನಾವೂ ನೀವೂ ಸೊಂಟ ನೋವಿಗೆ ನುಂಗುವ ಅದೇ ಮಾತ್ರೆ.

ಬಿಳಿ ಪದರ ಕಂಡ 25 ಹದ್ದುಗಳನ್ನು ಪರೀಕ್ಷಿಸಿದಾಗ ಇಪ್ಪತ್ತೈದರಲ್ಲಿಯೂ ಈ ಔಷಧಿ ಇತ್ತು. ಬೇರೆ ಕಾರಣದಿಂದ ಸತ್ತ 13ರಲ್ಲಿ ಒಂದರಲ್ಲಿಯೂ ಇರಲಿಲ್ಲ. ಈ ಔಷಧಿ ಕೊಟ್ಟ ಪ್ರಾಣಿಯ ಮಾಂಸ ತಿನ್ನಿಸಿದ ಹದ್ದುಗಳೂ ಅದೇ ರೀತಿ ಸತ್ತವು. 2004ರಲ್ಲಿ ಇದು ಪ್ರಕಟವಾಯಿತು. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ಹೆಣದಲ್ಲಿ ಈ ವಿಷವಿದ್ದರೂ ಕಂಡಷ್ಟು ವೇಗದಲ್ಲಿ ಹದ್ದಿನ ಸಂತತಿ ಅಳಿಯಬಲ್ಲದೆಂದು ಲೆಕ್ಕ ಹಾಕಿ ತೋರಿಸಿದರು. ನಮ್ಮ ದೇಶದಲ್ಲಿ ಆ ಬಳಿಕ ಸುಮಾರು 1800 ಸತ್ತ ಜಾನುವಾರುಗಳ ಮಾದರಿ ತೆಗೆದಾಗ ನೂರಕ್ಕೆ ಹತ್ತರಲ್ಲಿ ಔಷಧಿ ಸಿಕ್ಕಿತು. ಒಂದು ಹೆಣಕ್ಕೆ ಹತ್ತಾರು ಹದ್ದು ಕೂರುತ್ತವೆ ಎಂಬುದನ್ನು ನೆನಪಿಟ್ಟರೆ ಉಳಿದದ್ದು ಅರ್ಥವಾದೀತು. ಈ ಹಕ್ಕಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ಬೆಳೆದು ತಾನು ಮೊಟ್ಟೆಯಿಡಲು ಐದು ವರ್ಷದಷ್ಟು ಬೇಕು.

2006ರಲ್ಲಿ ಭಾರತ ಸರ್ಕಾರ ಪಶುಗಳಿಗೆ ಡೈಕ್ಲೋಫೆನಾಕ್ ತಯಾರಿಕೆಯನ್ನು ನಿಲ್ಲಿಸಿತು. ನೇಪಾಳ, ಪಾಕಿಸ್ತಾನಗಳೂ ಅದೇ ವರ್ಷ ನಿಲ್ಲಿಸಿದವು. ಬರಿದೇ ನಿಷೇಧಿಸಿದರೆ ರೈತ ಏನು ಮಾಡಬೇಕು? ಕಾಲು ಉಳುಕಿದ ಹಸುವನ್ನು ನರಳಲು ಬಿಡಲಾದೀತೇ? ಇದಕ್ಕೂ ಸಂಶೋಧಕರೇ ದಾರಿ ಹುಡುಕಿದರು. ಮೆಲೋಕ್ಸಿಕಾಮ್ ಎಂಬ ಇನ್ನೊಂದು ನೋವುನಿವಾರಕವನ್ನು ಮೊದಲು ಆಫ್ರಿಕಾದ ಹದ್ದುಗಳ ಮೇಲೆ, ಆಮೇಲೆ ನಮ್ಮ ಹದ್ದುಗಳ ಮೇಲೆ ಪರೀಕ್ಷಿಸಿದರು. ಯಾವ ಹಕ್ಕಿಗೂ ತೊಂದರೆಯಾಗಲಿಲ್ಲ, ದನಕ್ಕೂ ಗುಣ ಕೊಟ್ಟಿತು. ಇದೂ 2006ರಲ್ಲಿಯೇ ಪ್ರಕಟವಾಯಿತು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ನಿಷೇಧ ಬಂದು ಎರಡು ಮೂರು ಮಳೆಗಾಲ ಕಳೆದ ಮೇಲೆ ನಮ್ಮ ಮನೆಯ ಕಪ್ಪು ಹಸು ತೋಟದ ದರೆಯಿಂದ ಜಾರಿ ಬಿದ್ದು ಏಳಲಾರದೆ ಮಲಗಿತು. ಪೇಟೆಯ ಔಷಧಿ ಅಂಗಡಿಯಲ್ಲಿ ಕೇಳಿದೆವು. ಮನುಷ್ಯರಿಗೆಂದು ತಯಾರಾದ ಡೈಕ್ಲೋಫೆನಾಕಿನ 30 ಮಿಲಿಲೀಟರ್ ಬಾಟಲಿ ಕೊಟ್ಟರು, ಅಗ್ಗವಾಗಿಯೂ ಇತ್ತು. ಪದವೀಧರರೆನಿಸಿಕೊಂಡ ನಾವು ಚೀಟಿ ಕೂಡ ಓದದೆ ತಂದು ಎರಡು ದಿನ ಚುಚ್ಚಿಸಿದೆವು. ಮೂರನೆಯ ದಿನ ಹಸು ಸತ್ತಿತು. ಆಳುಗಳು ಸೊಪ್ಪಿನ ಬೆಟ್ಟದ ಅಂಚಿಗೆ ಎಳೆದು ಹಾಕಿ ಬಂದರು. ಹದ್ದು ಯಾವುದೂ ಬರಲಿಲ್ಲ, ಬರಲು ಉಳಿದೂ ಇರಲಿಲ್ಲ. ಬಂದದ್ದು ನಾಯಿಗಳು. ವಾರಗಟ್ಟಲೆ ಆ ಕಡೆ ಹೋಗುವಂತಿರಲಿಲ್ಲ.

ನಮ್ಮಂತೆ ಮಾಡಿದವರು ದೇಶದಲ್ಲಿ ಬಹಳ ಮಂದಿ ಇದ್ದರು. ಆದುದರಿಂದಲೇ 2015ರಲ್ಲಿ ಮನುಷ್ಯರ ಡೈಕ್ಲೋಫೆನಾಕ್ ಚುಚ್ಚುಮದ್ದನ್ನು 3 ಮಿಲಿಲೀಟರಿಗಿಂತ ದೊಡ್ಡ ಬಾಟಲಿಯಲ್ಲಿ ಮಾರಬಾರದೆಂದು ಆದೇಶವಾಯಿತು. ದನಕ್ಕೆ ಅಷ್ಟು ಸಣ್ಣ ಬಾಟಲಿ ಸಾಲದು. ನಡುವೆ ಬೇರೆ ಹೆಸರಿನ ಔಷಧಿಗಳು ಬಂದವು. ಕೀಟೊಪ್ರೊಫೆನ್ ಕೂಡ ಹದ್ದನ್ನು ಕೊಲ್ಲುತ್ತದೆಂದು ಪರೀಕ್ಷೆಯಲ್ಲಿ ತಿಳಿಯಿತು. ಅಸಿಕ್ಲೋಫೆನಾಕ್ ಹಸುವಿನ ದೇಹದೊಳಗೆ ಹೋಗಿ ಡೈಕ್ಲೋಫೆನಾಕ್ ಆಗಿಯೇ ಮಾರ್ಪಡುತ್ತದೆ. ಇವೆರಡನ್ನೂ 2023ರಲ್ಲಿ ಪಶುಗಳಿಗೆ ನಿಷೇಧಿಸಲಾಯಿತು. ನಿಮೆಸುಲೈಡನ್ನು 2024ರ ಕೊನೆಯಲ್ಲಿ. ಹೆಸರು ಬದಲಾದಾಗಲೆಲ್ಲ ಮತ್ತೆ ಹಕ್ಕಿ ಸತ್ತು, ಮತ್ತೆ ಪರೀಕ್ಷೆ ನಡೆದು, ಮತ್ತೆ ಆದೇಶ ಬರುವಷ್ಟರಲ್ಲಿ ವರ್ಷಗಳು ಹೋಗುತ್ತವೆ. ಮಾರುಕಟ್ಟೆಗೆ ಬಿಡುವ ಮೊದಲೇ ಪರೀಕ್ಷಿಸಬಾರದೇಕೆ ಎಂದು ನಮಗಂತೂ ಅನಿಸುತ್ತದೆ.

ಇನ್ನೊಂದು ಕಡೆ ಹಕ್ಕಿಯನ್ನು ಬೆಳೆಸುವ ಕೆಲಸ. ಹರಿಯಾಣದ ಪಿಂಜೋರಿನಲ್ಲಿ 2001ರಲ್ಲಿ ಆರಂಭವಾದ ಕೇಂದ್ರದಲ್ಲಿ ಹದ್ದುಗಳನ್ನು ಸಾಕಿ ಮರಿ ಮಾಡಿಸುತ್ತಾರೆ. ಮೊದಲ ಮೊಟ್ಟೆಯನ್ನು ತೆಗೆದು ಯಂತ್ರದಲ್ಲಿ ಕಾವು ಕೊಟ್ಟರೆ ತಾಯಿ ಇನ್ನೊಂದು ಮೊಟ್ಟೆ ಇಡುವುದುಂಟು, ಹೀಗೆ ವರ್ಷಕ್ಕೆ ಒಂದಿದ್ದುದು ಎರಡಾಗುತ್ತದೆ. 2020ರ ಅಕ್ಟೋಬರಿನಲ್ಲಿ ಅಲ್ಲಿಂದ 8 ಬಿಳಿ ಬೆನ್ನಿನ ಹದ್ದುಗಳನ್ನು ಹೊರಗೆ ಬಿಟ್ಟರು. ಸಾವಿರಗಳ ಲೆಕ್ಕದಲ್ಲಿ ಕಳೆದುಕೊಂಡದ್ದಕ್ಕೆ ಎಂಟು! ನಗಬೇಡಿ, ಇಪ್ಪತ್ತು ವರ್ಷದ ಕೆಲಸವದು. ನಮ್ಮ ರಾಜ್ಯದಲ್ಲಿ ರಾಮನಗರದ ಬಳಿಯ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಗಿದೆ. ಅಲ್ಲಿ ಬೆರಳೆಣಿಕೆಯ ಉದ್ದ ಕೊಕ್ಕಿನ ಹದ್ದುಗಳಿವೆ. ಬಂಡೀಪುರ, ನಾಗರಹೊಳೆ ಕಡೆ ಬಿಳಿ ಬೆನ್ನಿನವು ಇನ್ನೂ ಇವೆ.

ಹದ್ದು ಹೋದರೆ ನಮಗೇನು ಎನ್ನುವವರಿಗೂ ಉತ್ತರವಿದೆ. ಹೆಣ ಉಳಿದರೆ ನಾಯಿ ಹೆಚ್ಚುತ್ತದೆ, ನಾಯಿ ಹೆಚ್ಚಿದರೆ ಹುಚ್ಚುನಾಯಿ ಕಡಿತ ಹೆಚ್ಚುತ್ತದೆ, ನೀರೂ ಕೆಡುತ್ತದೆ. 2000ದಿಂದ 2005ರವರೆಗೆ ದೇಶದಲ್ಲಿ ಈ ಕಾರಣದಿಂದ ಸುಮಾರು 5 ಲಕ್ಷ ಜನ ಹೆಚ್ಚಾಗಿ ಸತ್ತಿರಬಹುದೆಂದು ಇಬ್ಬರು ಅರ್ಥಶಾಸ್ತ್ರಜ್ಞರು 2024ರಲ್ಲಿ ಅಂದಾಜು ಮಾಡಿದ್ದಾರೆ.

ಇನ್ನು ಸದಸ್ಯರು ಮಾಡಬೇಕಾದದ್ದು. ದನಕ್ಕೆ ನೋವಿನ ಔಷಧಿ ಬೇಕಾದಾಗ ಪಶುವೈದ್ಯರನ್ನು ಕರೆಸಿ, ಮೆಲೋಕ್ಸಿಕಾಮ್ ಆದೀತೇ ಎಂದು ಬಾಯಿಬಿಟ್ಟು ಕೇಳಿ. ಬಾಟಲಿಯ ಮೇಲಿನ ದೊಡ್ಡ ಹೆಸರನ್ನು ಬಿಟ್ಟು ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರು ಓದಿ. ಚುಚ್ಚಿದ ಕೆಲವು ದಿನಗಳಲ್ಲಿ ಔಷಧಿ ದನದ ಮೈಯಿಂದ ಇಳಿದುಹೋಗುತ್ತದೆ. ಅಪಾಯವಿರುವುದು ಅಷ್ಟರೊಳಗೆ ಸತ್ತ ದನದಲ್ಲಿ. ಅಂಥದನ್ನು ಬಯಲಿಗೆ ಎಳೆಯದೆ ಆಳವಾದ ಗುಂಡಿಯಲ್ಲಿ ಹೂಳಿಸಿ. ಚಿರತೆ ದನ ಹಿಡಿಯಿತೆಂಬ ಸಿಟ್ಟಿಗೆ ಉಳಿದ ಹೆಣಕ್ಕೆ ಕೀಟನಾಶಕ ಸವರುವವರೂ ನಮ್ಮ ಸೀಮೆಯಲ್ಲಿ ಇದ್ದಾರೆ. ಅದು ಅಪರಾಧ, ಮತ್ತು ಅದರಿಂದ ಚಿರತೆಯೊಂದೇ ಸಾಯುವುದಿಲ್ಲ. ಕಾಡುಪ್ರಾಣಿ ಕೊಂದ ದನಕ್ಕೆ ಅರಣ್ಯ ಇಲಾಖೆಯಿಂದ ಪರಿಹಾರಕ್ಕೆ ಅರ್ಜಿ ಹಾಕಬಹುದು. ಬರೆಯಲು ಬಾರದವರಿಗೆ ಸಂಘದ ಗುಮಾಸ್ತರು ಬರೆದುಕೊಡುತ್ತಾರೆ.

ಕೊಟ್ಟಿಗೆಯ ಗೂಡಿನಲ್ಲಿ ಹಳೆಯ ಬಾಟಲಿಗಳಿದ್ದರೆ ಮುಂದಿನ ಮಾಸಿಕ ಸಭೆಗೆ ಬರುವಾಗ ತನ್ನಿ. ಪಶುವೈದ್ಯರು ಅಂದು ಬರಲು ಒಪ್ಪಿದ್ದಾರೆ, ನೋಡಿ ಹೇಳುತ್ತಾರೆ. ನಮ್ಮ ಗೂಡಿನಲ್ಲಿ ಹುಡುಕಿದಾಗ ಅರ್ಧ ತುಂಬಿದ ಒಂದು ಬಾಟಲಿ ಸಿಕ್ಕಿದೆ, ಅದನ್ನೂ ತರುತ್ತೇವೆ.