ಕೊನೆಯವಳ ಜೊತೆಗೆ ಒಬ್ಬಳು



ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಇದ್ದರು. ಅಕ್ಷರ ಎಲ್ಲ ಕಲಿತಿದ್ದರು. ಬಸ್ಸಿನ ಬೋರ್ಡು ಓದುತ್ತಿದ್ದರು. ಆದರೆ ಕರಿಹಲಗೆಯ ಹತ್ತಿರ ಬನ್ನಿ ಎಂದರೆ ಮಾತ್ರ ಏಳುತ್ತಿರಲಿಲ್ಲ.

"ಬೇಡ ಟೀಚರ್. ನಾನು ಎಲ್ಲರಿಗಿಂತ ನಿಧಾನ. ನಾನೇ ಕೊನೆ. ಎಲ್ಲರೂ ನಗ್ತಾರೆ" ಅನ್ನುತ್ತಿದ್ದರು.

ಈ ಭಯ ನಿಮಗೂ ಗೊತ್ತು, ಅಲ್ವಾ? ಕೊನೆಯವಳಾಗುವ ಭಯ. ನಾಲ್ಕು ಜನ ನಗುವ ಭಯ. ಅಮೆರಿಕ ದೇಶದ ಸಾವಿರಾರು ಹೆಂಗಸರಿಗೂ ಇದೇ ಭಯ ಇತ್ತು. ಅವರು ಅದನ್ನು ಹೇಗೆ ದಾಟಿದರು? ಅದು ಒಂದು ಆಟದ ಕಥೆ. ಮೊದಲು ಅದನ್ನು ಓದೋಣ. ಆಮೇಲೆ ನಮ್ಮ ಅಕ್ಕನ ಮಾತಿಗೆ ಬರೋಣ.

ಮೂರು ಆಟ, ಒಂದೇ ಪಂದ್ಯ

ಆ ಆಟದ ಹೆಸರು ಟ್ರಯಥ್ಲಾನ್. ಮೊದಲು ಈಜಬೇಕು. ನೀರಿನಿಂದ ಎದ್ದು ಸೈಕಲ್ ಹತ್ತಬೇಕು. ಸೈಕಲ್ ಇಳಿದು ಓಡಬೇಕು. ಮೂರೂ ಒಂದರ ಹಿಂದೆ ಒಂದು. ನಡುವೆ ಗಡಿಯಾರ ನಿಲ್ಲುವುದಿಲ್ಲ. ಬೂಟು ಹಾಕಿಕೊಳ್ಳುವ ಹೊತ್ತೂ ಲೆಕ್ಕಕ್ಕೆ ಬರುತ್ತದೆ.

1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ಊರಿನಲ್ಲಿ ಈ ಹೆಸರಿನ ಪಂದ್ಯ ನಡೆಯಿತು. ಅಲ್ಲಿನ ಓಟಗಾರರ ಒಂದು ಸಂಘ ಅದನ್ನು ನಡೆಸಿತು. 1978ರಲ್ಲಿ ಹವಾಯಿಯಲ್ಲಿ ಇದಕ್ಕಿಂತ ಬಹಳ ಕಠಿಣವಾದ ಪಂದ್ಯ ಶುರುವಾಯಿತು. ಅದಕ್ಕೆ 'ಐರನ್‌ಮ್ಯಾನ್' ಎಂದು ಹೆಸರಿಟ್ಟರು. ಅಂದರೆ ಕಬ್ಬಿಣದ ಮನುಷ್ಯ. ಸಮುದ್ರದಲ್ಲಿ ಸುಮಾರು 3.8 ಕಿಲೋಮೀಟರ್ ಈಜು. 180 ಕಿಲೋಮೀಟರ್ ಸೈಕಲ್. ಕೊನೆಗೆ 42 ಕಿಲೋಮೀಟರ್ ಓಟ.

ಆ ವರ್ಷ 15 ಜನ ಹೊರಟರು. 12 ಜನ ಮುಗಿಸಿದರು. ಅವರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಮರುವರ್ಷ, 1979ರಲ್ಲಿ, ಲಿನ್ ಲೆಮೇರ್ ಎಂಬ ಒಬ್ಬರೇ ಮಹಿಳೆ ಬಂದರು. ಗಂಡಸರ ಜೊತೆಗೇ ಸ್ಪರ್ಧೆ ಮಾಡಿ ಐದನೆಯವರಾಗಿ ಮುಗಿಸಿದರು!

ಹೆಂಗಸರ ಕೈಲಿ ಆಗುತ್ತದೆ ಎಂದು ಅವತ್ತೇ ಗೊತ್ತಾಯಿತು. ಆದರೂ ಸಾಮಾನ್ಯ ಹೆಂಗಸರಿಗೆ ಧೈರ್ಯ ಬರಲಿಲ್ಲ. ಅವರು ಆಟವನ್ನೇ ಕಸುಬು ಮಾಡಿಕೊಂಡವರಲ್ಲ. ಮನೆ, ಮಕ್ಕಳು, ಕೆಲಸ ಇರುವವರು. ಈಜು ಬಾರದು. ಸೈಕಲ್ ಬಿಟ್ಟು ಎಷ್ಟೋ ವರ್ಷವಾಗಿದೆ. ಮೈ ದಪ್ಪಗಾಗಿದೆ ಎಂಬ ನಾಚಿಕೆ ಬೇರೆ. ಎಲ್ಲಕ್ಕಿಂತ ದೊಡ್ಡದು ಆ ಒಂದೇ ಭಯ: "ಕೊನೆಯಲ್ಲಿ ಬಂದರೆ?"

ಹಣ ಕೊಟ್ಟವರು

1990ರಲ್ಲಿ ಡ್ಯಾನ್‌ಸ್ಕಿನ್ ಎಂಬ ಬಟ್ಟೆ ಕಂಪನಿ ಮುಂದೆ ಬಂತು. ಹೆಂಗಸರು ಕುಣಿಯುವಾಗ, ಕಸರತ್ತು ಮಾಡುವಾಗ ಹಾಕಿಕೊಳ್ಳುವ ಬಟ್ಟೆ ತಯಾರಿಸುವ ಕಂಪನಿ ಅದು. ಹೆಂಗಸರಿಗೆ ಮಾತ್ರ ಟ್ರಯಥ್ಲಾನ್ ನಡೆಸಲು ಅದು ಹಣ ಕೊಟ್ಟಿತು. ಹೀಗೆ ಒಂದು ಕಾರ್ಯಕ್ರಮಕ್ಕೆ ಹಣ ಕೊಟ್ಟು ನಿಲ್ಲುವವರನ್ನು 'ಪ್ರಾಯೋಜಕರು' ಎನ್ನುತ್ತಾರೆ.

ಇಂಥ ಪಂದ್ಯಕ್ಕೆ ಹಣ ಯಾಕೆ ಬೇಕು? ರಸ್ತೆಯಲ್ಲಿ ವಾಹನ ತಡೆಯಬೇಕು. ನೀರಿನಲ್ಲಿ ಕಾವಲಿಗೆ ಈಜುಗಾರರು ಬೇಕು. ಡಾಕ್ಟರು, ಆಂಬುಲೆನ್ಸ್ ಬೇಕು. ಸೇರುವವರೂ ಶುಲ್ಕ ಕಟ್ಟುತ್ತಾರೆ. ಪ್ರಾಯೋಜಕರ ಹಣವೂ ಕೂಡಿದರೆ ಕೆಲಸ ಸಲೀಸು.

ಕಂಪನಿ ಧರ್ಮಕ್ಕೆ ಕೊಟ್ಟಿತೇ? ಇಲ್ಲ. ಪಂದ್ಯಕ್ಕೆ ತನ್ನ ಹೆಸರನ್ನೇ ಇಟ್ಟಿತು. ಬಂದ ಹೆಂಗಸರ ಕಣ್ಣಿಗೆಲ್ಲ ಆ ಹೆಸರು ಬಿತ್ತು. ಅದು ಕಂಪನಿಗೆ ಆದ ಲಾಭ. ಇದರಲ್ಲಿ ತಪ್ಪಿಲ್ಲ. ಆದರೆ ಯಾರು ಕೊಟ್ಟರು, ಯಾಕೆ ಕೊಟ್ಟರು ಎಂಬುದು ಪಡೆಯುವವರಿಗೆ ಗೊತ್ತಿರಬೇಕು. ನಿಮ್ಮ ಸಂಘಕ್ಕೆ ಯಾರಾದರೂ ಹಣ ಕೊಟ್ಟಾಗ ಈ ಎರಡು ಪ್ರಶ್ನೆ ಕೇಳಿ. ನಾಚಿಕೆ ಬೇಡ.

ಜೊತೆ ಕೊಟ್ಟವರು

ಹಣದಿಂದ ಪಂದ್ಯ ನಡೆಯುತ್ತದೆ. ಆದರೆ ಹಣದಿಂದ ಭಯ ಹೋಗುತ್ತದೆಯೇ? ಭಯ ಹೋಗಲು ಜೊತೆ ಬೇಕು.

ಮೊದಲನೆಯದಾಗಿ, ಇಲ್ಲಿ ದೂರ ಕಡಿಮೆ ಇತ್ತು. ಸುಮಾರು ಮುಕ್ಕಾಲು ಕಿಲೋಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಓಡಲು ಆಗದವರು ನಡೆಯಬಹುದಿತ್ತು. ತಾಯಿ ಮಗಳು ಜೊತೆಯಾಗಿ ಬಂದರು. ಗೆಳತಿಯರು, ಜೊತೆ ಕೆಲಸ ಮಾಡುವವರು ಗುಂಪು ಕಟ್ಟಿಕೊಂಡು ಬಂದರು.

ಎರಡನೆಯದಾಗಿ, ನೀರಿಗೆ ಹೆದರುವವರ ಪಕ್ಕದಲ್ಲಿ ಈಜು ಬಲ್ಲ ಹೆಂಗಸರು ಇರುತ್ತಿದ್ದರು. ಅವರ ಕೈಯಲ್ಲಿ ನೀರಿನ ಮೇಲೆ ತೇಲುವ, ಹಗುರವಾದ ಉದ್ದ ಕೋಲು ಇರುತ್ತಿತ್ತು. ಸುಸ್ತಾದವರು ಅದನ್ನು ಹಿಡಿದು ಉಸಿರು ತೆಗೆದುಕೊಳ್ಳಬಹುದು. ಮತ್ತೆ ಈಜಬಹುದು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಸ್ಯಾಲಿ ಎಡ್ವರ್ಡ್ಸ್ ಎಂಬ ಮಹಿಳೆ ಈ ಪಂದ್ಯಗಳ ಮುಂದಾಳು. ಅವರೇನು ಸಾಮಾನ್ಯ ಆಟಗಾರ್ತಿ ಅಲ್ಲ. 1981ರಲ್ಲಿ ಹವಾಯಿಯ ಆ ಕಠಿಣ ಪಂದ್ಯದಲ್ಲಿ ಹೆಂಗಸರ ಪೈಕಿ ಎರಡನೆಯವರಾಗಿ ಬಂದವರು. 1990ರ ಹೊತ್ತಿಗೆ ಅವರಿಗೆ ನಲವತ್ತು ದಾಟಿತ್ತು. ಆದರೂ ಅವರು ಬೇಕೆಂದರೆ ಎಷ್ಟೋ ಜನರನ್ನು ಹಿಂದೆ ಹಾಕಬಹುದಿತ್ತು.

ಅವರು ಹಾಗೆ ಮಾಡಲಿಲ್ಲ. ಪಂದ್ಯದಲ್ಲಿ ಎಲ್ಲರಿಗಿಂತ ಹಿಂದೆ ಉಳಿದರು. ಕೊನೆಯ ಹೆಂಗಸು ಗೆರೆ ದಾಟಿದ ಮೇಲೆ ತಾವು ದಾಟಿದರು. ಒಂದು ಸಲ ಅಲ್ಲ, ವರ್ಷ ವರ್ಷವೂ ಹಾಗೇ ಮಾಡಿದರು. ಕೊನೆಯ ಜಾಗ ತಮಗೇ ಇರಲಿ, ಆ ಭಯ ಬೇರೆ ಯಾವ ಹೆಂಗಸಿಗೂ ಬೇಡ ಎಂಬುದು ಅವರ ನಿರ್ಧಾರ.

ಯೋಚನೆ ಮಾಡಿ. ಕೊನೆಯ ಜಾಗ ಆಗಲೇ ತುಂಬಿದೆ. ಗೆಲ್ಲಬಲ್ಲವಳೇ ಅಲ್ಲಿ ನಿಂತಿದ್ದಾಳೆ. ಇನ್ನು ಯಾರು ನಗುತ್ತಾರೆ? ಯಾರಿಗೆ ನಗುತ್ತಾರೆ?

ಆ ಪಂದ್ಯಗಳಿಗೆ ಕ್ಯಾನ್ಸರ್ ಕಾಯಿಲೆಯಿಂದ ಬದುಕಿ ಬಂದ ಹೆಂಗಸರೂ ಬಂದರು. 'ಟೀಮ್ ಸರ್ವೈವರ್' ಎಂದು ತಂಡ ಕಟ್ಟಿಕೊಂಡರು. ಬದುಕಿ ಉಳಿದವರ ತಂಡ ಎಂದು ಅದರ ಅರ್ಥ. ಕಾಯಿಲೆ ಬಂದಾಗ ಮನುಷ್ಯ ಒಂಟಿಯಾಗುತ್ತಾನೆ. ತಂಡದಲ್ಲಿ, ಅದೇ ನೋವು ಕಂಡವಳು ಪಕ್ಕದಲ್ಲೇ ಹೆಜ್ಜೆ ಹಾಕುತ್ತಾಳೆ.

ನಮ್ಮ ಪಕ್ಕದಲ್ಲೇ ನಡೆದದ್ದು

ಇದೆಲ್ಲ ದೂರದ ದೇಶದ ಮಾತು ಅನ್ನಬೇಡಿ. ಅದೇ ಕಾಲದಲ್ಲಿ, 1991ರಲ್ಲಿ, ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಆಗ ಜಿಲ್ಲಾಧಿಕಾರಿ ಆಗಿದ್ದವರು ಶೀಲಾ ರಾಣಿ ಚುಂಕತ್. ಅಕ್ಷರದ ಜೊತೆಗೆ ಹೆಂಗಸರು ಸೈಕಲ್ಲನ್ನೂ ಕಲಿಯಲಿ ಎಂದರು. ಸೈಕಲ್ ಕೊಳ್ಳಲು ಬ್ಯಾಂಕಿನಿಂದ ಸಾಲ ಸಿಗುವಂತೆ ಮಾಡಿದರು. ಮೊದಮೊದಲು ಕೆಲವರು ಕೆಟ್ಟ ಮಾತಾಡಿದರು. ಆದರೆ ಒಬ್ಬಳನ್ನು ಆಡಿಕೊಳ್ಳುವುದು ಸುಲಭ. ಊರಿಗೆ ಊರೇ ಸೈಕಲ್ ಹತ್ತಿದರೆ ಯಾರನ್ನು ಆಡಿಕೊಳ್ಳುವುದು? ಸಾವಿರಾರು ಹೆಂಗಸರು ಸೈಕಲ್ ಕಲಿತರು. ಕಲಿತವಳು ಇನ್ನೊಬ್ಬಳಿಗೆ ಕಲಿಸಿದಳು. ಅಲ್ಲೂ ಹಣ ಬೇಕಿತ್ತು, ಜೊತೆಯೂ ಬೇಕಿತ್ತು.

ನಮ್ಮ ಕೇಂದ್ರದ ಮಾತು

ಈಗ ನಮ್ಮ ಅಕ್ಕನ ಮಾತಿಗೆ ಬರೋಣ. ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಪಾಠ ಬೇಗ ಮುಗಿಯಲಿ ಎಂದು ನಾನು ಚುರುಕಾದವರ ಜೊತೆ ಮುಂದೆ ಹೋದೆ. ಹಿಂದೆ ಉಳಿದ ಇಬ್ಬರು ಬರುವುದನ್ನೇ ನಿಲ್ಲಿಸಿದರು. ಆ ಅಕ್ಕನೂ ಒಬ್ಬರು. "ಕೆಲಸ ಇತ್ತು" ಅಂದರು. ಕೆಲಸ ಎಲ್ಲರಿಗೂ ಇರುತ್ತದೆ. ನಿಜವಾದ ಕಾರಣ ನನಗೆ ಗೊತ್ತಿತ್ತು.

ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದ ಒಬ್ಬ ಸೊಸೆ ಇದ್ದಳು. ಆಕೆಯೇ ಅಕ್ಕನ ಮನೆಗೆ ಹೋದಳು. "ಅಕ್ಕಾ, ನಿಮ್ಮ ಪಕ್ಕ ನಾನು ಕೂತ್ಕೋತೀನಿ. ನೀವು ಬರೆದು ಮುಗಿಸೋವರೆಗೂ ನಾನು ಸ್ಲೇಟು ಕೆಳಗೆ ಇಡಲ್ಲ" ಅಂದಳು. ಮಾರನೆಯ ಸಂಜೆ ಇಬ್ಬರೂ ಬಂದರು. ಒಂದೇ ಚಾಪೆಯ ಮೇಲೆ ಕೂತರು. ತಿಂಗಳ ಮೇಲೆ ಅಕ್ಕ ತಾವೇ ಎದ್ದು ಕರಿಹಲಗೆಯ ಮೇಲೆ ತಮ್ಮ ಹೆಸರು ಬರೆದರು. ನಿಧಾನವಾಗಿಯೇ ಬರೆದರು. ಯಾರೂ ನಗಲಿಲ್ಲ.

ಇನ್ನೊಬ್ಬರು ಮತ್ತೆ ಬರಲೇ ಇಲ್ಲ. ಅವರ ಮನೆಗೆ ಯಾರೂ ಹೋಗಿರಲಿಲ್ಲ. ನಾನೂ ಹೋಗಿರಲಿಲ್ಲ.

ಅಕ್ಕಂದಿರೇ, ಕೊನೆಯಲ್ಲಿ ಬರುವುದು ಅವಮಾನ ಅಲ್ಲ. ಯಾರಾದರೂ ಒಬ್ಬರು ಕೊನೆಗೆ ಬರಲೇಬೇಕು. ಆದರೆ ಅವರನ್ನು ಒಂಟಿಯಾಗಿ ಬಿಡುವುದು ಉಳಿದವರ ತಪ್ಪು. ಇವತ್ತು ನಿಮ್ಮ ಪಕ್ಕದ ಜಾಗ ಖಾಲಿ ಇದ್ದರೆ, ನಾಳೆ ಅವರ ಮನೆಗೆ ಹೋಗಿ ಬನ್ನಿ.

ಹೊಸ ಮಾತು, ಅರ್ಥ

ಟ್ರಯಥ್ಲಾನ್ – ಈಜು, ಸೈಕಲ್, ಓಟ ಸೇರಿದ ಪಂದ್ಯ
ಪ್ರಾಯೋಜಕರು – ಕಾರ್ಯಕ್ರಮಕ್ಕೆ ಹಣ ಕೊಟ್ಟು ನಡೆಸುವವರು
ಜಾಹೀರಾತು – ಮಾಲು ಮಾರಲು ಮಾಡುವ ಪ್ರಚಾರ
ತಂಡ – ಒಂದೇ ಕೆಲಸಕ್ಕೆ ಕೂಡಿದ ಗುಂಪು

ಖಾಲಿ ಜಾಗ ತುಂಬಿರಿ

1. ಟ್ರಯಥ್ಲಾನ್‌ನಲ್ಲಿ ಮೊದಲು ______ ಬೇಕು.
2. 1979ರಲ್ಲಿ ಹವಾಯಿಯ ಪಂದ್ಯಕ್ಕೆ ಬಂದ ಒಬ್ಬರೇ ಮಹಿಳೆ ______.
3. ಸ್ಯಾಲಿ ಎಡ್ವರ್ಡ್ಸ್ ಎಲ್ಲರಿಗಿಂತ ______ ಗೆರೆ ದಾಟುತ್ತಿದ್ದರು.

ಲೆಕ್ಕ ಮಾಡಿರಿ

ಒಬ್ಬ ಹೆಂಗಸು 1 ಕಿಲೋಮೀಟರ್ ನಡೆಯಲು 12 ನಿಮಿಷ ತೆಗೆದುಕೊಳ್ಳುತ್ತಾಳೆ. 5 ಕಿಲೋಮೀಟರ್ ನಡೆಯಲು ಎಷ್ಟು ಹೊತ್ತು ಬೇಕು?

ಕೂತು ಮಾತಾಡಿರಿ

1. ನಿಮ್ಮ ಸಂಘಕ್ಕೆ ಹೊರಗಿನವರು ಹಣ ಕೊಡುತ್ತೇವೆ ಎಂದರೆ ಏನೇನು ಕೇಳುತ್ತೀರಿ?
2. ನಿಮ್ಮ ಕೇಂದ್ರಕ್ಕೆ ಬರುವುದು ನಿಲ್ಲಿಸಿದವರು ಯಾರು? ಅವರ ಮನೆಗೆ ಯಾರು ಹೋಗುತ್ತೀರಿ? ಯಾವತ್ತು ಹೋಗುತ್ತೀರಿ? ಹಲಗೆಯ ಮೇಲೆ ಬರೆಯಿರಿ.