ತೋಟಕ್ಕೂ ಮನೆಗೂ ರೇಡಿಯೋ ಕೊಂಡಿ: ಲೈಸೆನ್ಸಿಲ್ಲದೆ ಎಷ್ಟು ಶಕ್ತಿಯನ್ನು ಬಳಸಬಹುದು

ಪಂಪುಮನೆಯು ಊರಿನಿಂದ ಒಂದೆರಡು ಕಿಲೋಮೀಟರು ದೂರದಲ್ಲಿದ್ದರೆ, ಅಲ್ಲಿ ಮೋಟಾರು ನಡೆಯುತ್ತಿದೆಯೋ ನಿಂತಿದೆಯೋ, ತೋಟಕ್ಕೆ ಕಳ್ಳರು ನುಗ್ಗಿದರೋ ಹಂದಿಗಳು ನುಗ್ಗಿದವೋ ಎಂಬುದನ್ನು ಮನೆಯಲ್ಲಿಯೇ ಕುಳಿತು ನೋಡಬೇಕೆಂಬ ಅಪೇಕ್ಷೆಯು ಜಮೀನುದಾರರಲ್ಲಿ ಸಹಜವಾಗಿರುತ್ತದೆ. ತಂತಿಯನ್ನೆಳೆದರೆ ಪರರ ಹೊಲಗಳನ್ನು ದಾಟಬೇಕಾಗುವುದಲ್ಲದೆ, ನೇಗಿಲಿಗೂ ಇಲಿಗೂ ಸಿಕ್ಕಿ ಅದು ಕಡಿದುಹೋಗುವುದುಂಟು. ಆದಕಾರಣ ಎರಡು ಕಡೆಗಳಲ್ಲಿಯೂ ಕಂಬಗಳನ್ನು ನೆಟ್ಟು, ಒಂದಕ್ಕೊಂದು ಎದುರಾಗಿ ರೇಡಿಯೋ ಯಂತ್ರಗಳನ್ನು ಕಟ್ಟುವ ಪದ್ಧತಿಯು ಬಂದಿದೆ. ಇಂತಹ ಯಂತ್ರಗಳಿಗೆ ಲೈಸೆನ್ಸು ಬೇಡವೆಂದು ಅಂಗಡಿಯವರು ಹೇಳುವುದು ನಿಜವೇ ಆದರೂ, ಅದು ಅರ್ಧ ಮಾತು. ಉಳಿದರ್ಧವನ್ನು ಇಲ್ಲಿ ವಿವರಿಸಲಾಗಿದೆ.

ನಮ್ಮ ದೇಶದಲ್ಲಿ 2005ನೆಯ ಇಸವಿಯ ನಿಯಮಗಳ ಪ್ರಕಾರ 5 ಗಿಗಾಹರ್ಟ್ಸ್ ತರಂಗಗಳನ್ನು ಲೈಸೆನ್ಸಿಲ್ಲದೆ ಕಟ್ಟಡದ ಒಳಗೆ ಮಾತ್ರ ಉಪಯೋಗಿಸಬಹುದಾಗಿತ್ತು. ಶಕ್ತಿಯೂ 200 ಮಿಲಿವಾಟ್, ಎಂದರೆ ಒಂದು ವಾಟಿನ ಐದನೆಯ ಒಂದು ಭಾಗವನ್ನು ಮೀರಕೂಡದಾಗಿತ್ತು. 2007ರಲ್ಲಿ 5825ರಿಂದ 5875 ಮೆಗಾಹರ್ಟ್ಸ್‌ವರೆಗಿನ ಕಿರಿದಾದ ಪಟ್ಟಿಯೊಂದನ್ನು ಬಯಲಿನ ಉಪಯೋಗಕ್ಕೆ ಬಿಟ್ಟುಕೊಡಲಾಯಿತು. 2018ನೆಯ ಅಕ್ಟೋಬರಿನಲ್ಲಿ ಹೊರಟ ನಿಯಮಗಳಿಂದ ಈ ಸ್ಥಿತಿಯು ಬಹಳ ಮಟ್ಟಿಗೆ ಬದಲಾಯಿತು. 5150ರಿಂದ 5350, 5470ರಿಂದ 5725, 5725ರಿಂದ 5875, ಹೀಗೆ ಒಟ್ಟು 605 ಮೆಗಾಹರ್ಟ್ಸ್ ಅಗಲದ ತರಂಗಗಳು ಮನೆಯ ಒಳಗೂ ಹೊರಗೂ ಲೈಸೆನ್ಸಿನಿಂದ ಮುಕ್ತವಾದವು. ಇವುಗಳಲ್ಲಿ 5150ರಿಂದ 5250ರ ವರೆಗೂ, 5725ರಿಂದ 5875ರ ವರೆಗೂ ಯಂತ್ರದಿಂದ ಆಂಟೆನಾಕ್ಕೆ ಹೋಗುವ ಶಕ್ತಿಯು 1 ವಾಟಿನವರೆಗೆ ಇರಬಹುದು. ನಡುವಿನ ಭಾಗಗಳಲ್ಲಿ ಕಾಲು ವಾಟು ಮಾತ್ರ. ಹವಾಮಾನವನ್ನು ನೋಡುವ ರಾಡಾರುಗಳು ಕೆಲವು ಈ ನಡುವಿನ ತರಂಗಗಳಲ್ಲಿಯೇ ಕೆಲಸಮಾಡುವುದರಿಂದ ಇಲ್ಲಿ ಬಿಗಿಯು ಹೆಚ್ಚು. ಮಳೆಯ ಮುನ್ಸೂಚನೆಯನ್ನು ನಂಬಿ ಬಿತ್ತುವ ನಾವು ಈ ಬಿಗಿಯನ್ನು ಆಕ್ಷೇಪಿಸುವಂತಿಲ್ಲ.

ಇನ್ನು ಜನರು ಸಾಮಾನ್ಯವಾಗಿ ತಪ್ಪುವ ಸ್ಥಳವೊಂದಿದೆ. ಬ್ಯಾಟರಿ ದೀಪದ ಬುರುಡೆಯನ್ನು ಹೊರಗೆ ತೆಗೆದು ಉರಿಸಿದರೆ ಬೆಳಕು ಸುತ್ತಲೂ ಚೆದರುತ್ತದೆ. ಅದರ ಹಿಂದೆ ಹೊಳೆಯುವ ಬಟ್ಟಲನ್ನಿಟ್ಟರೆ ಅದೇ ಬೆಳಕು ಒಂದೇ ಕಡೆಗೆ ದೂರ ಹೋಗುತ್ತದೆ. ಆಂಟೆನಾವು ಅಂತಹ ಬಟ್ಟಲು. ಆದುದರಿಂದ ಕಾನೂನು ಬುರುಡೆಯನ್ನು ಮಾತ್ರವಲ್ಲದೆ, ಬಟ್ಟಲಿನಿಂದ ಹೊರಟ ಬೆಳಕಿನ ತೀಕ್ಷ್ಣತೆಯನ್ನೂ ಅಳೆಯುತ್ತದೆ. 1 ವಾಟಿನ ಯಂತ್ರಕ್ಕೆ ಶಕ್ತಿಯನ್ನು ನಾಲ್ಕರಷ್ಟು ಮಾಡುವ 6 ಡೆಸಿಬೆಲ್ ಆಂಟೆನಾವನ್ನು ಸೇರಿಸಿದರೆ 4 ವಾಟಾಗುತ್ತದೆ. ಮಿತಿಯು ಅಲ್ಲಿಗೆ ಮುಗಿಯಿತು. ಸುಮಾರು 200ರಷ್ಟು ಮಾಡುವ 23 ಡೆಸಿಬೆಲ್ ತಟ್ಟೆಯನ್ನು ಕಟ್ಟಿದವರು ಯಂತ್ರವನ್ನು 20 ಮಿಲಿವಾಟಿಗೆ ಇಳಿಸತಕ್ಕದ್ದು. ಇಳಿಸದೆ ಬಿಟ್ಟರೆ ಹೊರಬೀಳುವುದು 4 ವಾಟಲ್ಲ, 200 ವಾಟು.

ಹಾಗಾದರೆ ದೊಡ್ಡ ತಟ್ಟೆಯಿಂದ ಪ್ರಯೋಜನವೇನೆಂದು ಕೇಳಬಹುದು. ಪ್ರಯೋಜನವು ಬಹಳವಾಗಿದೆ. ತಟ್ಟೆಯು ಬಾಯಿಯೂ ಹೌದು, ಕಿವಿಯೂ ಹೌದು. ಕೂಗುವುದಕ್ಕೆ ಕಾನೂನಿನ ಮಿತಿಯುಂಟು, ಕೇಳುವುದಕ್ಕಿಲ್ಲ. ದೂರವು ಎರಡರಷ್ಟಾದರೆ ತಲಪುವ ಶಕ್ತಿಯು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುವುದರಿಂದ, ಆ ನಷ್ಟವನ್ನು ಎರಡು ಕಡೆಗಳ ಕಿವಿಯನ್ನು ಹಿಗ್ಗಿಸಿ ತುಂಬಿಕೊಳ್ಳುವುದೇ ನ್ಯಾಯವಾದ ದಾರಿ. ಶಕ್ತಿವರ್ಧಕ ಪೆಟ್ಟಿಗೆಗಳನ್ನು ಬೇರೆಯಾಗಿ ಕೊಂಡು ಜೋಡಿಸಿ ಮಿತಿಯನ್ನು ದಾಟುವುದು ಕಾನೂನಿಗೆ ವಿರುದ್ಧ.

ಕೊಂಡಿಯು ಕೆಲಸಮಾಡದಿರುವುದಕ್ಕೆ ಶಕ್ತಿಯ ಕೊರತೆಗಿಂತ ಮರಗಳೇ ಅನೇಕ ವೇಳೆ ಕಾರಣ. 2 ಕಿಲೋಮೀಟರಿನ ಕೊಂಡಿಯಲ್ಲಿ ತರಂಗವು ಗೆರೆಯಂತೆ ಹೋಗದೆ, ನಡುದಾರಿಯಲ್ಲಿ ಸುತ್ತಲೂ ಸುಮಾರು 5 ಮೀಟರಿನಷ್ಟು ಉಬ್ಬಿರುತ್ತದೆ. ಕಣ್ಣಿಗೆ ಎದುರಿನ ಕಂಬವು ಕಂಡರೆ ಸಾಲದು. ನೋಟದ ಗೆರೆಯ ಸುತ್ತ 3 ಮೀಟರಾದರೂ ತೆರವಿರಬೇಕು. ಬೇಸಗೆಯಲ್ಲಿ ಚೆನ್ನಾಗಿ ನಡೆದ ಕೊಂಡಿಯು, ಅಡ್ಡವಿರುವ ತೆಂಗಿನ ಗರಿಗಳು ಮಳೆಯಲ್ಲಿ ನೆನೆದೊಡನೆ ಕುಗ್ಗುವುದುಂಟು. ಆಗ ಶಕ್ತಿಯನ್ನೇರಿಸುವುದಕ್ಕಿಂತ ಕಂಬವನ್ನು ಎತ್ತರಿಸುವುದು ಮೇಲು.

ಲೈಸೆನ್ಸಿಲ್ಲದ ತರಂಗಗಳು ಗ್ರಾಮದ ಗೋಮಾಳವಿದ್ದಂತೆ. ಎಲ್ಲರಿಗೂ ಪ್ರವೇಶವುಂಟು, ಯಾರಿಗೂ ಖಾತೆಯಿಲ್ಲ. ನಿಮ್ಮ ಯಂತ್ರವು ಲೈಸೆನ್ಸುಳ್ಳವರಿಗೆ ಅಡ್ಡಿಮಾಡಿದರೆ ನೀವು ನಿಲ್ಲಿಸಬೇಕು. ಇತರರಿಂದ ನಿಮಗೆ ಅಡ್ಡಿಯಾದರೆ ರಕ್ಷಣೆಯನ್ನು ಕೇಳುವ ಹಕ್ಕಿಲ್ಲ. ಆದಕಾರಣ ಕೊಳವೆಬಾವಿಯ ಮೋಟಾರನ್ನು ನಿಲ್ಲಿಸುವ ಕೆಲಸವನ್ನು ಈ ಕೊಂಡಿಯೊಂದಕ್ಕೇ ಒಪ್ಪಿಸಕೂಡದು. ನೀರು ಮುಗಿದಾಗ ತಾನಾಗಿಯೇ ನಿಲ್ಲಿಸುವ ಸಾಧನವು ಪಂಪುಮನೆಯಲ್ಲಿಯೇ ಇರತಕ್ಕದ್ದು. ಇಲ್ಲವಾದರೆ ಪಕ್ಕದ ಊರಿನವರೊಬ್ಬರು ಹೊಸ ಯಂತ್ರವನ್ನು ಕಟ್ಟಿದ ರಾತ್ರಿಯೇ ನಿಮ್ಮ ಮೋಟಾರು ಸುಟ್ಟುಹೋದೀತು.

ಕೊಳ್ಳುವಾಗ ಯಂತ್ರಕ್ಕೆ ಕೇಂದ್ರ ಸರ್ಕಾರದ ಮಾದರಿ ಅಂಗೀಕಾರವಿದೆಯೇ ಎಂಬುದನ್ನು ವಿಚಾರಿಸಿ, ಅದರ ಪತ್ರದ ನಕಲನ್ನು ರಸೀತಿಯೊಡನೆ ಇಟ್ಟುಕೊಳ್ಳತಕ್ಕದ್ದು. ಯಂತ್ರದಲ್ಲಿ ದೇಶದ ಹೆಸರನ್ನು ಭಾರತವೆಂದೇ ಗೊತ್ತುಮಾಡಿ, ಆಂಟೆನಾದ ಡೆಸಿಬೆಲ್ ಅಂಕಿಯನ್ನು ಸರಿಯಾಗಿ ನಮೂದಿಸಿದರೆ ಅನೇಕ ಯಂತ್ರಗಳು ತಾವೇ ಮಿತಿಯೊಳಗೆ ನಿಲ್ಲುತ್ತವೆ. ಒಂದೇ ಗ್ರಾಮದಲ್ಲಿ ಮೂರು ನಾಲ್ಕು ಕೊಂಡಿಗಳಿದ್ದಲ್ಲಿ, ಯಾರು ಯಾವ ಚಾನೆಲನ್ನು ಹಿಡಿದಿದ್ದಾರೆಂಬುದನ್ನು ಮುಖಂಡರು ಒಂದು ಪುಸ್ತಕದಲ್ಲಿ ಬರೆದಿಟ್ಟು, ಹೊಸದಾಗಿ ಕಟ್ಟುವವರಿಗೆ ತೋರಿಸಬಹುದು.